ಚೀಟಿ ಬರೆದುಕೊಟ್ಟಲ್ಲಿಗೆ ಮುಗಿಯುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಆಮೇಲೆ ಅದಕ್ಕೆ ಬಂದ ಪತ್ರಗಳನ್ನೂ ಓದಿದೆ. ಒಬ್ಬರು ಇದು ಪವಾಡ ಎಂದು ಬರೆದಿದ್ದಾರೆ. ಇನ್ನೊಬ್ಬರು ಇದು ಸೋಮಾರಿಗಳ ಅಡ್ಡದಾರಿ, ಬಾಯಿ ಕಟ್ಟಿದ್ದರೆ ಸಾಕಿತ್ತು ಎಂದಿದ್ದಾರೆ. ಇಬ್ಬರೂ ಸೂಜಿ ಚುಚ್ಚಿಕೊಂಡವರಲ್ಲ ಅನ್ನುವುದು ಓದುವಾಗಲೇ ಗೊತ್ತಾಯಿತು. ನಾನು ಚುಚ್ಚಿಕೊಂಡವಳು. ಒಂದೂವರೆ ವರ್ಷವಾಯಿತು. ಅದರಲ್ಲಿ ಮೊದಲ ಎರಡು ತಿಂಗಳು ತಪ್ಪು ಕೈಯಲ್ಲಿದ್ದೆ, ಆಮೇಲೆ ಸರಿಯಾದ ಕೈಗೆ ಬಂದೆ. ಎರಡೂ ಕಡೆ ಔಷಧ ಒಂದೇ, ಅದನ್ನು ಚುಚ್ಚಿಕೊಳ್ಳುವ ಪೆನ್ ಒಂದೇ. ಬೇರೆ ಇದ್ದದ್ದು ಔಷಧದ ಸುತ್ತ ಇದ್ದ ಆರೈಕೆ. ಅದರ ಬಗ್ಗೆ ಯಾರೂ ಒಂದು ಸಾಲೂ ಬರೆದಿಲ್ಲ ಅಂತ ಈ ಪತ್ರ. ಉದ್ದವಾಗಿದೆ, ಗೊತ್ತು. ಕತ್ತರಿಸಲೇಬೇಕು ಅಂದರೆ ನನ್ನ ಕಥೆ ಕತ್ತರಿಸಿ, ಔಷಧದ ವಿಷಯ ಬಿಡಿ.

ಮೊದಲು ಆ 'ಬಾಯಿ ಕಟ್ಟು' ಅನ್ನುವ ಮಾತಿಗೆ ಬರುತ್ತೇನೆ. ನಾನು ಬಾಯಿ ಕಟ್ಟಿದ್ದೇನೆ ಸ್ವಾಮಿ. ಒಂದು ಸಲ ಅಲ್ಲ, ನಾಲ್ಕು ಸಲ. ಒಂದು ಸಲ 9 ಕೆಜಿ ಇಳಿಸಿ 11 ಕೆಜಿ ಏರಿಸಿಕೊಂಡೆ. ಇಳಿಸಿದಾಗ ಎಲ್ಲರೂ ಬೆನ್ನು ತಟ್ಟಿದರು, ಏರಿದಾಗ ಎಲ್ಲರೂ 'ಮತ್ತೆ ಶುರು ಮಾಡಿದೆಯಾ' ಎಂದರು. ನನಗೂ ನನ್ನ ಮನಸ್ಸೇ ಗಟ್ಟಿ ಇಲ್ಲ ಅನ್ನಿಸಿಬಿಟ್ಟಿತ್ತು. ತೂಕ ಇಳಿದಾಗ ದೇಹ ಸುಮ್ನೆ ಕೂರುವುದಿಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನ್ ಕಡಿಮೆಯಾಗುತ್ತದೆ, ಹಸಿವು ಏಳಿಸುವ ಗ್ರೆಲಿನ್ ಜಾಸ್ತಿಯಾಗುತ್ತದೆ, ಇದರ ಜೊತೆಗೆ ದೇಹ ಸುಡುವ ಕ್ಯಾಲೊರಿಯೂ ಇಳಿದುಬಿಡುತ್ತದೆ. ತಿಂದರೆ ತೃಪ್ತಿ ಇಲ್ಲ, ತಿನ್ನದಿದ್ದರೆ ತಡೆಯಲಾಗುವುದಿಲ್ಲ. ಆಸ್ಟ್ರೇಲಿಯಾದ ವೈದ್ಯರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಪಥ್ಯ ಮಾಡಿ ತೂಕ ಇಳಿಸಿದವರಲ್ಲಿ ಒಂದು ವರ್ಷ ಕಳೆದ ಮೇಲೂ ಈ ಹಸಿವಿನ ಹಾರ್ಮೋನ್‌ಗಳು ಹಳೆಯ ಮಟ್ಟಕ್ಕೆ ಮರಳಿರಲಿಲ್ಲ. ಒಂದು ವರ್ಷ! ಅಷ್ಟು ದಿನ ದೇಹವೇ ಎದುರು ನಿಂತಿದ್ದರೆ ಬಾಯಿಯೊಂದನ್ನೇ ಬೈದು ಏನು ಪ್ರಯೋಜನ, ಹೇಳಿ?

ಈ ಹೊಸ ಇಂಜೆಕ್ಷನ್‌ಗಳು ಹಿಡಿಯುವುದು ಆ ಜಾಗವನ್ನೇ. ನಾವು ಊಟ ಮಾಡಿದಾಗ ಕರುಳಿನಿಂದ ಜಿಎಲ್‌ಪಿ-1 ಎಂಬ ಹಾರ್ಮೋನ್ ಬರುತ್ತದೆ. ಅದು ಇನ್ಸುಲಿನ್ ಬಿಡುಗಡೆಗೆ ಸಹಾಯ ಮಾಡುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಮಿದುಳಿಗೆ 'ಸಾಕು' ಎಂದು ಹೇಳುತ್ತದೆ. ಆದರೆ ರಕ್ತದಲ್ಲಿ ಅದು ಉಳಿಯುವುದು ಕೆಲವೇ ನಿಮಿಷ. ಅದರಂತೆಯೇ ಕೆಲಸ ಮಾಡುವ, ಆದರೆ ಬೇಗ ಕರಗದ ಒಂದು ವಸ್ತು ಸಿಕ್ಕಿದ್ದು ಗೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ. ನಿಜವಾಗಿಯೂ! ಅದನ್ನು ಆಧಾರ ಮಾಡಿಕೊಂಡ ಎಕ್ಸೆನಟೈಡ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿತು, ಶುಗರ್ ಕಾಯಿಲೆಗೆ. ತೂಕಕ್ಕೆ ಅಂತ ದಿನಕ್ಕೊಂದು ಸಲ ಚುಚ್ಚಿಕೊಳ್ಳುವ ಲಿರಾಗ್ಲುಟೈಡ್ ಬಂದದ್ದು 2014ರಲ್ಲಿ. ವಾರಕ್ಕೊಮ್ಮೆ ಸಾಕಾಗುವ ಸೆಮಾಗ್ಲುಟೈಡ್ 2021ರಲ್ಲಿ, ಎರಡು ಹಾರ್ಮೋನ್‌ಗಳ ಕೆಲಸ ಒಟ್ಟಿಗೆ ಮಾಡುವ ಟಿರ್ಜೆಪಟೈಡ್ 2023ರಲ್ಲಿ. ನಿನ್ನೆ ಮೊನ್ನೆ ಯಾರೋ ಕಂಡುಹಿಡಿದು ಮಾರ್ಕೆಟ್‌ಗೆ ಬಿಟ್ಟದ್ದು ಅನ್ನುವವರು ಈ ಇಸವಿಗಳನ್ನು ಒಂದು ಸಲ ನೋಡಲಿ.

ಇನ್ನು ಎಲ್ಲ ಜಾಹೀರಾತಿನಲ್ಲೂ ಬರುವ ಆ 'ಶೇ 15'. ಅದು ಸುಳ್ಳಲ್ಲ. 1961 ಜನರ ಮೇಲೆ 68 ವಾರ ನಡೆದ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ ಸರಾಸರಿ ಶೇ 14.9ರಷ್ಟು ಇಳಿಯಿತು. ಬರೀ ನೀರಿನಂಥ ಸುಳ್ಳು ಇಂಜೆಕ್ಷನ್ ತೆಗೆದುಕೊಂಡವರದ್ದು ಶೇ 2.4. ಆದರೆ ಜಾಹೀರಾತಿನವರು ನುಂಗಿಹಾಕುವ ಒಂದು ವಿಷಯ ಇದೆ. ಆ ಪ್ರಯೋಗದಲ್ಲಿ ಎರಡೂ ಗುಂಪಿನವರಿಗೆ ನಾಲ್ಕು ವಾರಕ್ಕೊಮ್ಮೆ ಆಹಾರದ ಬಗ್ಗೆ, ಓಡಾಟದ ಬಗ್ಗೆ ಕೂರಿಸಿ ಮಾತಾಡುವವರಿದ್ದರು. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿನ್ನಬೇಕು, ವಾರಕ್ಕೆ 150 ನಿಮಿಷ ಮೈ ಆಡಿಸಬೇಕು, ಅದನ್ನು ಬರೆದಿಡಬೇಕು. ಶೇ 15 ಬಂದದ್ದು ಇಷ್ಟೆಲ್ಲ ಸೇರಿ. ಪೆನ್ನಿನ ಡಬ್ಬಿಯೊಳಗೆ ಆ ಮಾತಾಡುವವರು ಬರುವುದಿಲ್ಲ ಅಲ್ವಾ? ಹಾಗೇ, ಬಾಯಿ ಕಟ್ಟಿದರೆ ಸಾಕು ಅನ್ನುವವರೂ ಆ ಶೇ 2.4 ಅನ್ನು ಒಮ್ಮೆ ನೋಡಬೇಕು. ಆ ಸುಳ್ಳು ಇಂಜೆಕ್ಷನ್‌ನವರಿಗೂ ಅದೇ ಸಲಹೆ, ಅದೇ ಪಥ್ಯ, ಅದೇ ವಾಕಿಂಗ್. ಸಿಕ್ಕಿದ್ದು ಅಷ್ಟೇ.

ಈಗ ನನ್ನ ಎರಡು ತಿಂಗಳ ಕಥೆ. ಜಾಹೀರಾತು ನೋಡಿ ಒಂದು ತೂಕ ಇಳಿಸುವ ಕೇಂದ್ರಕ್ಕೆ ಹೋದೆ. ಹೆಸರು ಬೇಡ. ನನ್ನ ತೂಕ 96 ಕೆಜಿ, ಎತ್ತರ 162 ಸೆಂಟಿಮೀಟರ್, ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 36ರ ಮೇಲೆ. ತೂಕದ ಮಿಷನ್ ಮೇಲೆ ನಿಲ್ಲಿಸಿದರು, ಕಂಪ್ಯೂಟರ್‌ನಲ್ಲಿ ಒಂದು ಗ್ರಾಫ್ ತೋರಿಸಿದರು, ಹತ್ತು ನಿಮಿಷದಲ್ಲಿ ಸೆಮಾಗ್ಲುಟೈಡ್ ಪೆನ್ ಕೈಗೆ ಬಂತು. ಶುಗರ್ ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದೆ. ಯಾವ ಮಾತ್ರೆ ಅಂತ ಕೇಳಲಿಲ್ಲ. 'ಅದು ಅದರ ಪಾಡಿಗೆ ಇರಲಿ' ಎಂದರು. ಡೋಸ್ ನಾಲ್ಕು ವಾರಕ್ಕೊಮ್ಮೆ ಏರಿಸಬೇಕಾದದ್ದನ್ನು ಎರಡು ವಾರಕ್ಕೊಮ್ಮೆ ಏರಿಸಿದರು, ಬೇಗ ಫಲ ಕಾಣಲಿ ಅಂತ. ಫಲ ಕಂಡಿತು. ಬೆಳಿಗ್ಗೆ ಹಲ್ಲುಜ್ಜುವಾಗಲೇ ವಾಕರಿಕೆ, ನಿನ್ನೆ ರಾತ್ರಿ ತಿಂದದ್ದು ಇವತ್ತು ಮಧ್ಯಾಹ್ನ ತೇಗಿನಲ್ಲಿ ಬರುತ್ತಿತ್ತು, ಅದೂ ಕೊಳೆತ ಮೊಟ್ಟೆಯ ವಾಸನೆಯ ತೇಗು.

ಆರನೇ ವಾರ, ಆಫೀಸಿನಲ್ಲಿ, ಮಧ್ಯಾಹ್ನ ಮೂರೂವರೆ ಇರಬೇಕು. ಕಂಪ್ಯೂಟರ್ ಪರದೆಯ ಮೇಲಿನ ಅಕ್ಷರಗಳು ಒಂದರ ಮೇಲೊಂದು ಹತ್ತಿದವು. ಕತ್ತಿನ ಹಿಂದೆ ತಣ್ಣಗೆ ಬೆವರು. ಮೌಸ್ ಹಿಡಿದ ಕೈ ನಡುಗುತ್ತಿದೆ, ನಿಲ್ಲಿಸು ಅಂದರೆ ನಿಲ್ಲುತ್ತಿಲ್ಲ. ಪಕ್ಕದ ಸೀಟಿನವರು ತಮ್ಮ ತಾಯಿಗೆ ಹೀಗಾಗುವುದನ್ನು ನೋಡಿದ್ದವರು. ಸಕ್ಕರೆ ನೀರು ಕುಡಿಸಿ ಆಮೇಲೆ ಮಿಷನ್‌ನಲ್ಲಿ ಶುಗರ್ ನೋಡಿದರೆ 54. ಕುಡಿಸಿದ ಮೇಲೆ 54! ಕೇಂದ್ರಕ್ಕೆ ಫೋನ್ ಮಾಡಿದೆ. 'ಹೊಸದರಲ್ಲಿ ಹಾಗಾಗುತ್ತದೆ ಮೇಡಂ' ಎಂದರು.

ಹೊಸದರಲ್ಲಿ ಹಾಗಾಗುವುದಲ್ಲ ಅದು. ಈ ಇಂಜೆಕ್ಷನ್ ಒಂದೇ ಆದರೆ ಶುಗರ್ ಅಷ್ಟು ಕೆಳಗೆ ಹೋಗುವುದು ಅಪರೂಪ, ಯಾಕೆಂದರೆ ರಕ್ತದಲ್ಲಿ ಶುಗರ್ ಜಾಸ್ತಿ ಇದ್ದಾಗ ಮಾತ್ರ ಅದು ಇನ್ಸುಲಿನ್ ಬಿಡಿಸುತ್ತದೆ. ಆದರೆ ನಾನು ತೆಗೆದುಕೊಳ್ಳುತ್ತಿದ್ದುದು ಗ್ಲಿಮೆಪಿರೈಡ್. ಆ ಜಾತಿಯ ಮಾತ್ರೆ ಶುಗರ್ ಎಷ್ಟಿದೆ ಅಂತ ನೋಡುವುದಿಲ್ಲ, ಇನ್ಸುಲಿನ್ ಹಿಂಡುತ್ತಲೇ ಇರುತ್ತದೆ. ಇತ್ತ ಊಟ ಅರ್ಧಕ್ಕಿಳಿದಿದೆ, ಅತ್ತ ಮಾತ್ರೆ ಪೂರ್ತಿ ನಡೆದಿದೆ. ಇಂಜೆಕ್ಷನ್ ಶುರು ಮಾಡುವಾಗ ಆ ಮಾತ್ರೆಯನ್ನೋ, ಇನ್ಸುಲಿನ್ನನ್ನೋ ಕಡಿಮೆ ಮಾಡಬೇಕೇ ಅಂತ ನೋಡುವುದು ಮೊದಲ ಪಾಠ. ನನಗೆ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಯಾವ ಮಾತ್ರೆ?

ಎರಡನೇ ಡಾಕ್ಟರು ಹಾರ್ಮೋನ್ ತಜ್ಞೆ. ಅವರು ಆ ಪ್ರಶ್ನೆಯಿಂದಲೇ ಶುರು ಮಾಡಿದರು. 'ಮನೆಯಲ್ಲಿರುವ ಎಲ್ಲ ಮಾತ್ರೆ ಚೀಲದಲ್ಲಿ ಹಾಕಿಕೊಂಡು ಬನ್ನಿ, ಪುಡಿ, ಟಾನಿಕ್ ಏನಿದ್ದರೂ ತನ್ನಿ' ಎಂದರು. ಟೇಬಲ್ ಮೇಲೆ ಸುರಿದು ಒಂದೊಂದಾಗಿ ನೋಡಿದರು. ಕೆಲವು ಮಾತ್ರೆಗಳೇ ತೂಕ ಏರಿಸುತ್ತವಂತೆ. ಸ್ಟೀರಾಯ್ಡ್, ಮಾನಸಿಕ ಕಾಯಿಲೆಯ ಕೆಲವು ಔಷಧ, ಫಿಟ್ಸ್‌ಗೆ ಕೊಡುವ ಕೆಲವು, ಇನ್ಸುಲಿನ್, ನನ್ನ ಗ್ಲಿಮೆಪಿರೈಡ್ ಕೂಡ. (ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ತಾವೇ ನಿಲ್ಲಿಸಬೇಡಿ ಮಾರಾಯರೆ. ಡಾಕ್ಟರಿಗೆ ಕೇಳಿ, ಬದಲಿ ಇರಬಹುದು.) ಆಮೇಲೆ ಪ್ರಶ್ನೆಗಳ ಮಳೆ. ಮನೆತನದಲ್ಲಿ ಯಾರಿಗಾದರೂ ಮೆಡುಲ್ಲರಿ ಅನ್ನುವ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇತ್ತಾ? ಇದ್ದರೆ ಈ ಔಷಧ ಕೊಡುವುದಿಲ್ಲ. ಮೇದೋಜೀರಕ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರಿದ್ದುಂಟಾ? ಪಿತ್ತಕೋಶದಲ್ಲಿ ಕಲ್ಲು? ಬಸುರಾಗುವ ಯೋಚನೆ? ಗರ್ಭಿಣಿಯರಿಗೆ ಇದು ಬೇಡ, ಸೆಮಾಗ್ಲುಟೈಡ್ ಆದರೆ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಇನ್ನೊಂದು ತಿಳಿದಿರಬೇಕು. ಶುರುವಿನ ನಾಲ್ಕು ವಾರ, ಆಮೇಲೆ ಡೋಸ್ ಏರಿಸಿದಾಗಲೆಲ್ಲ ನಾಲ್ಕು ವಾರ, ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬುವಂತಿಲ್ಲ. ಕಣ್ಣಿನ ಹಿಂಭಾಗದ ಪರೀಕ್ಷೆ ಮಾಡಿಸಿದ್ದೀರಾ ಅಂತಲೂ ಕೇಳಿದರು. ಶುಗರ್ ಇರುವವರಲ್ಲಿ ಅದು ದಿಢೀರ್ ಇಳಿದರೆ ಕಣ್ಣಿನ ತೊಂದರೆ ಜಾಸ್ತಿಯಾಗಬಹುದು. ಮನಸ್ಸು ಹೇಗಿದೆ, ನಿದ್ದೆ ಹೇಗಿದೆ, ಗೊರಕೆ ಉಂಟಾ, ತಿಂದು ಬೇಕಂತಲೇ ವಾಂತಿ ಮಾಡಿದ್ದುಂಟಾ. ಈ ಕೊನೆಯದನ್ನು ನನ್ನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ.

ಬಿಎಂಐ ಬಗ್ಗೆ ಅವರು ಹೇಳಿದ್ದು ಚಿಕ್ಕದು. ಸಾಮಾನ್ಯವಾಗಿ 30 ದಾಟಿದವರಿಗೆ, ಇಲ್ಲವೇ 27 ದಾಟಿ ಬಿಪಿ, ಶುಗರ್‌ನಂಥ ತೊಂದರೆ ಇರುವವರಿಗೆ ಈ ಔಷಧ. ಏಷ್ಯಾ ಮೂಲದವರಿಗೆ ಕಡಿಮೆ ಬಿಎಂಐಗೇ ಕಾಯಿಲೆಗಳು ಶುರುವಾಗುವುದರಿಂದ ಅಳತೆಗೋಲು ಅವರಿಗೆ ಸ್ವಲ್ಪ ಕೆಳಗೆ. ಮದುವೆಗೆ ಮುಂಚೆ ಐದು ಕೆಜಿ ಇಳಿಸಬೇಕು ಅನ್ನುವವರಿಗೆ ಅಲ್ಲವೇ ಅಲ್ಲ. ಸೆಮಾಗ್ಲುಟೈಡ್ ಹೃದಯಕ್ಕೂ ಒಳ್ಳೆಯದು ಮಾಡುತ್ತದೆ ಎಂದು 2023ರಲ್ಲಿ ಗೊತ್ತಾಯಿತು. ಮೊದಲೇ ಹೃದಯದ ಅಥವಾ ರಕ್ತನಾಳದ ಕಾಯಿಲೆ ಇದ್ದ, ಶುಗರ್ ಇಲ್ಲದ 17,604 ದಪ್ಪ ಮೈಯವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಒಟ್ಟು ಸೇರಿ ಶೇ 20ರಷ್ಟು ಕಡಿಮೆಯಾದವು. ಬರೀ ಚಂದಕ್ಕೆ ತೆಗೆದುಕೊಳ್ಳುವುದು ಅಂತ ಗೇಲಿ ಮಾಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ನನ್ನ ಗ್ಲಿಮೆಪಿರೈಡ್ ನಿಲ್ಲಿಸಿದರು. ಇಂಜೆಕ್ಷನ್ ಮೂರು ವಾರ ಬಿಡಿಸಿ ಮತ್ತೆ ಮೊದಲಿನಿಂದ ಶುರು ಮಾಡಿಸಿದರು. 0.25 ಮಿಲಿಗ್ರಾಂ, ವಾರಕ್ಕೊಮ್ಮೆ, ನಾಲ್ಕು ವಾರ. ಆಮೇಲೆ 0.5, ಆಮೇಲೆ 1, ಆಮೇಲೆ 1.7, ಕೊನೆಗೆ 2.4. ಪ್ರತಿ ಮೆಟ್ಟಿಲಲ್ಲೂ ನಾಲ್ಕು ವಾರ. ಹೊಟ್ಟೆ ಒಪ್ಪದಿದ್ದರೆ ಅದೇ ಮೆಟ್ಟಿಲಲ್ಲಿ ಇನ್ನಷ್ಟು ದಿನ. 2.4 ಮುಟ್ಟಲೇಬೇಕು ಅಂತೇನೂ ಇಲ್ಲ, ನಾನು 1.7ರಲ್ಲೇ ನಿಂತಿದ್ದೇನೆ, ಕೆಲಸ ನಡೆಯುತ್ತಿದೆ. ಮೊದಲ ಡೋಸ್ ತೂಕ ಇಳಿಸಲಿಕ್ಕೆ ಕೊಡುವುದೇ ಅಲ್ಲ, ಕರುಳಿಗೆ ಪರಿಚಯ ಮಾಡಿಸಲಿಕ್ಕೆ. ಇದನ್ನು ಮೊದಲೇ ಹೇಳಿದ್ದರೆ ನಾನೂ ಆ ಕೇಂದ್ರದವರಿಗೆ ಬೇಗ ಏರಿಸಿ ಅಂತ ದುಂಬಾಲು ಬೀಳುತ್ತಿರಲಿಲ್ಲ. ಹೌದು, ಬಿದ್ದಿದ್ದೆ. ಪೂರ್ತಿ ತಪ್ಪು ಅವರದ್ದೇ ಅಂದರೆ ಸುಳ್ಳಾಗುತ್ತದೆ.

ಈ ಸಲ ವಾಕರಿಕೆ ಬರಲಿಲ್ಲವಾ? ಬಂತು. ಡೋಸ್ ಏರಿದ ವಾರ ಬರುತ್ತದೆ, ಆಮೇಲೆ ತಗ್ಗುತ್ತದೆ. ತಟ್ಟೆ ಚಿಕ್ಕದು ಮಾಡಿಕೊಂಡೆ. ಕರಿದದ್ದು, ಎಣ್ಣೆ ಜಾಸ್ತಿ ಇರುವುದು ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂರುತ್ತದೆ, ಅದನ್ನು ಬಿಟ್ಟೆ. ಊಟವಾದ ಕೂಡಲೇ ಮಲಗಬಾರದು. ಹೊಟ್ಟೆ ತುಂಬಿತು ಅನ್ನುವ ಸೂಚನೆ ಮೊದಲು ಬಂದ ಕ್ಷಣಕ್ಕೇ ಕೈ ತೊಳೆಯಬೇಕು, ಇನ್ನೊಂದೇ ತುತ್ತು ಅಂದಿರೋ ಅದು ವಾಪಸ್ ಬಂತು ಅಂತಲೇ ಲೆಕ್ಕ. ಮಲಬದ್ಧತೆ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ನಾನು ಬಿಡುತ್ತೇನೆ: ಹಸಿವಿನ ಜೊತೆ ಬಾಯಾರಿಕೆಯೂ ಕಡಿಮೆಯಾಗುತ್ತದೆ, ನೀರು ಕುಡಿಯುವುದು ಮರೆತೇ ಹೋಗುತ್ತದೆ, ಐದು ದಿನ ಒದ್ದಾಡಿದ ಮೇಲೆ ನಾನು ಬಾಟಲಿಗೆ ಗೆರೆ ಎಳೆದಿಟ್ಟುಕೊಂಡು ಕುಡಿಯಲು ಶುರು ಮಾಡಿದೆ. ಆದರೆ ಇವೆಲ್ಲ ಮನೆಯಲ್ಲೇ ಸುಧಾರಿಸಿಕೊಳ್ಳುವ ಕಿರಿಕಿರಿಗಳು. ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದೆ ಕಾಡುವ ಜೋರು ನೋವು, ಅದು ಬೆನ್ನಿಗೆ ಹೊಡೆಯುವುದು, ಕಣ್ಣು ಹಳದಿಯಾಗುವುದು, ನೀರೂ ನಿಲ್ಲದ ವಾಂತಿ ಇವು ಹಾಗಲ್ಲ. ಮುಂದಿನ ಇಂಜೆಕ್ಷನ್ ಪಕ್ಕಕ್ಕಿಟ್ಟು ಆಗಲೇ ಆಸ್ಪತ್ರೆಗೆ ಹೋಗಬೇಕು. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೂ ಹೇಳಬೇಕು. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಉಪವಾಸ ಇದ್ದರೂ ಒಳಗೆ ಆಹಾರ ಉಳಿದಿರಬಹುದು.

ಔಷಧ ಏನು ಮಾಡುತ್ತದೆ ಅನ್ನುವುದನ್ನು ನನ್ನ ಆಫೀಸಿನ ಡ್ರಾಯರ್ ಉದಾಹರಣೆಯಲ್ಲಿ ಹೇಳುತ್ತೇನೆ. ಎರಡನೇ ಡ್ರಾಯರ್‌ನಲ್ಲಿ ಬಿಸ್ಕೆಟ್ ಪ್ಯಾಕೆಟ್ ಇರುತ್ತಿತ್ತು. ವರ್ಷಗಟ್ಟಲೆ ಮಧ್ಯಾಹ್ನ ಮೂರರಿಂದ ಐದರವರೆಗೆ ನನ್ನ ತಲೆಯ ಅರ್ಧ ಭಾಗ ಆ ಡ್ರಾಯರ್‌ನಲ್ಲೇ ಇರುತ್ತಿತ್ತು. ಒಂದು ತಿನ್ನಲಾ, ಬೇಡ, ಅರ್ಧ ತಿನ್ನಲಾ, ನಿನ್ನೆ ತಿಂದಿಲ್ಲವಲ್ಲ, ನಾಳೆ ಬಿಟ್ಟರಾಯಿತು. ಫೈಲ್ ಓದುತ್ತಲೇ ಈ ವಾದ ನಡೆಯುತ್ತಿರುತ್ತಿತ್ತು. ಎರಡನೇ ಡೋಸ್‌ಗೆ ಏರಿದ ಮೇಲೆ ಒಂದು ದಿನ ಸ್ಟೇಪ್ಲರ್ ಹುಡುಕುತ್ತಾ ಆ ಡ್ರಾಯರ್ ತೆಗೆದೆ. ಒಡೆದ ಪ್ಯಾಕೆಟ್ ಹಾಗೇ ಇದೆ, ಬಿಸ್ಕೆಟ್ ಮೆತ್ತಗಾಗಿದೆ. ಎಷ್ಟು ದಿನದಿಂದ ಮರೆತಿದ್ದೆನೋ. ನಿಂತಲ್ಲೇ ಕಣ್ಣಲ್ಲಿ ನೀರು ಬಂತು, ಖುಷಿಗೋ ಸಿಟ್ಟಿಗೋ ಗೊತ್ತಿಲ್ಲ. ಬೇರೆಯವರೆಲ್ಲ ಇಷ್ಟು ವರ್ಷ ಹೀಗೇ ಬದುಕುತ್ತಿದ್ದರಾ, ತಲೆಯಲ್ಲಿ ಈ ಗದ್ದಲವೇ ಇಲ್ಲದೆ? ಅವರೇ ನನಗೆ ಬಾಯಿ ಕಟ್ಟು ಅಂತ ಹೇಳುತ್ತಿದ್ದುದು!

ಆದರೆ ಗದ್ದಲ ನಿಂತರೆ ಸಾಕಾಗುವುದಿಲ್ಲ. 9 ಕೆಜಿ ಇಳಿದಾಗ ಎಲ್ಲರೂ ಹೊಗಳುತ್ತಿದ್ದರು, ನಾನೂ ಕನ್ನಡಿ ಮುಂದೆ ಸ್ವಲ್ಪ ಜಾಸ್ತಿಯೇ ನಿಲ್ಲುತ್ತಿದ್ದೆ. ಒಂದು ದಿನ ನೀರು ತುಂಬಿದ ಬಕೆಟ್ ಎತ್ತಲು ಹೋದೆ. ಯಾವಾಗಲೂ ಎತ್ತುತ್ತಿದ್ದ ಬಕೆಟ್. ನೆಲದಿಂದ ಒಂದು ಗೇಣು ಎದ್ದಿತು, ತೋಳು ನಡುಗಿತು, ಕೆಳಗಿಟ್ಟೆ. ಇನ್ನೊಮ್ಮೆ ಎತ್ತಿದೆ, ಅರ್ಧ ಚೆಲ್ಲಿತು. ಆ ವಾರದಲ್ಲೇ ಗಮನಿಸಿದೆ, ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯುತ್ತಿದ್ದೇನೆ. ತೂಕ ಕಡಿಮೆಯಾಗಿದೆ, ಏಳುವುದು ಸುಲಭ ಆಗಬೇಕಿತ್ತಲ್ಲ? ಡಾಕ್ಟರಿಗೆ ಹೇಳಿದರೆ ಅವರು ಆಶ್ಚರ್ಯಪಡಲಿಲ್ಲ. ಇಳಿಯುವುದು ಬರೀ ಕೊಬ್ಬಲ್ಲ, ಸ್ನಾಯುವೂ ಕರಗುತ್ತದೆ. ಪಥ್ಯದಲ್ಲಿ ಇಳಿಸಿದರೂ ಅದೇ, ಇಂಜೆಕ್ಷನ್‌ನಲ್ಲಿ ಇಳಿಸಿದರೂ ಅದೇ. ಬೇಗ ಇಳಿದಷ್ಟೂ, ಊಟದಲ್ಲಿ ಪ್ರೋಟೀನ್ ಕಡಿಮೆಯಾದಷ್ಟೂ ಜಾಸ್ತಿ. ವಯಸ್ಸಾದವರಿಗೆ ಇದು ಇನ್ನೂ ಅಪಾಯ, ಬಿದ್ದರೆ ಮೂಳೆ ಮುರಿಯುತ್ತದೆ. ತೂಕದ ಮಿಷನ್ ಈ ವ್ಯತ್ಯಾಸ ಹೇಳುವುದಿಲ್ಲ. ಅದಕ್ಕೆ ಯಾವುದು ಇಳಿದರೂ ಕೆಜಿಯೇ.

ಅಲ್ಲಿಂದ ಡಯಟಿಷಿಯನ್ ಮತ್ತು ಫಿಸಿಯೋಥೆರಪಿಸ್ಟ್ ಕೂಡ ಸೇರಿಕೊಂಡರು. ಡಯಟಿಷಿಯನ್ ಹೇಳಿದ್ದು ಒಂದೇ ದೊಡ್ಡ ಮಾತು: ಹೊಟ್ಟೆಯಲ್ಲಿ ಜಾಗ ಕಡಿಮೆ ಇದೆ, ಆ ಜಾಗವನ್ನು ಮೊದಲು ಪ್ರೋಟೀನ್‌ಗೆ ಕೊಡಿ. ನನಗೆ ದಿನಕ್ಕೆ 80 ಗ್ರಾಂ ಅಂತ ಲೆಕ್ಕ ಹಾಕಿದರು. ಕಿಡ್ನಿ ತೊಂದರೆ ಇರುವವರಿಗೆ ಲೆಕ್ಕ ಬೇರೆ, ನನ್ನದನ್ನು ನೋಡಿ ಕಾಪಿ ಹೊಡೆಯಬೇಡಿ. ಆಮೇಲೆ ತರಕಾರಿ, ಕೊನೆಗೆ ಉಳಿದದ್ದು. ಫಿಸಿಯೋದವರು ಜಿಮ್‌ಗೆ ಕಳಿಸುತ್ತಾರೆ ಅಂತ ಹೆದರಿದ್ದೆ. ಒಂದು ಕುರ್ಚಿ ತೋರಿಸಿ ಕೈ ಊರದೆ ಕೂತು ಏಳಿ ಎಂದರು. ಮೊದಲ ದಿನ ನಾಲ್ಕಕ್ಕೆ ಸುಸ್ತು. ವಾರಕ್ಕೆ ಎರಡು ಮೂರು ದಿನ ಇದು, ರಬ್ಬರ್ ಬ್ಯಾಂಡ್ ಎಳೆಯುವುದು, ಗೋಡೆಗೆ ಕೈಯಿಟ್ಟು ತಳ್ಳುವುದು. ಉಳಿದ ದಿನ ವಾಕಿಂಗ್. ಈಗ ಇಪ್ಪತ್ತೆರಡು ಸಲ ಕೂತೇಳುತ್ತೇನೆ. ಬಕೆಟ್ ಎತ್ತುತ್ತೇನೆ. ತೂಕ 84 ಆಗಿ ನಿಂತಿದೆ, ಅಂದರೆ 12 ಕೆಜಿ ಇಳಿದಿದೆ. ಶುಗರ್ ಇರುವವರಿಗೆ ಇದರಲ್ಲಿ ಇಳಿಯುವುದು ಸ್ವಲ್ಪ ಕಡಿಮೆಯೇ, ಹಾಗಾಗಿ ಜಾಹೀರಾತಿನ ಗ್ರಾಫ್ ನೋಡಿ ನನಗೇಕೆ ಅಷ್ಟಿಲ್ಲ ಅಂತ ಕೊರಗುವುದನ್ನು ಬಿಟ್ಟಿದ್ದೇನೆ.

ಎಲ್ಲರೂ ಕೇಳುವುದು, ನಿಲ್ಲಿಸುವುದು ಯಾವಾಗ? ಈ ಪ್ರಶ್ನೆಯನ್ನು ಶುರು ಮಾಡುವ ಮುಂಚೆಯೇ ಕೇಳಬೇಕಿತ್ತು. ಆ 68 ವಾರದ ಪ್ರಯೋಗದಲ್ಲಿ ಇದ್ದವರಲ್ಲಿ ಕೆಲವರನ್ನು ಔಷಧ ನಿಲ್ಲಿಸಿದ ಮೇಲೂ ಒಂದು ವರ್ಷ ನೋಡಿದ್ದಾರೆ. ಇಳಿದಿದ್ದ ತೂಕದಲ್ಲಿ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಇದನ್ನು ಹಿಡಿದುಕೊಂಡು ಕೆಲವರು 'ನೋಡಿ, ಮೋಸ' ಅನ್ನುತ್ತಾರೆ. ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುತ್ತದೆ, ಅದಕ್ಕೆ ಯಾರೂ ಬಿಪಿ ಮಾತ್ರೆಯನ್ನು ಮೋಸ ಅನ್ನುವುದಿಲ್ಲವಲ್ಲ. ಆದರೆ ಮೂರು ತಿಂಗಳ ಕೋರ್ಸ್, ಜೀವನಪೂರ್ತಿ ಸ್ಲಿಮ್ ಅಂತ ಮಾರುವವರು ಇದ್ದಾರಲ್ಲ, ಮೋಸ ಅವರದ್ದು. ಎಷ್ಟು ವರ್ಷ ಬೇಕಾಗಬಹುದು, ಅಷ್ಟು ವರ್ಷ ನನ್ನ ಕೈಯಲ್ಲಿ ದುಡ್ಡು ಇರುತ್ತದಾ, ಮಧ್ಯೆ ಬಿಡಬೇಕಾಗಿ ಬಂದರೆ ಹೇಗೆ ಬಿಡುವುದು? ಮೊದಲ ಭೇಟಿಯಲ್ಲೇ ಈ ಮಾತು ಆಗಬೇಕು. ನನ್ನ ಡಾಕ್ಟರು ಎರಡು ವಾರ ಡೋಸ್ ತಪ್ಪಿದರೆ ಹಳೆಯ ಡೋಸ್‌ಗೇ ಹಾರಬೇಡಿ, ನನಗೆ ಫೋನ್ ಮಾಡಿ ಎಂದು ಚೀಟಿಯ ಮೇಲೆಯೇ ಬರೆದುಕೊಟ್ಟಿದ್ದಾರೆ.

ತೂಕದ ಮಾತ್ರೆ ಅಂದರೆ ಜನ ಅನುಮಾನ ಪಡುವುದರಲ್ಲಿ ತಪ್ಪಿಲ್ಲ, ಹಳೆಯ ಲೆಕ್ಕ ಹಾಗಿದೆ. ಫೆನ್‌ಫ್ಲುರಮಿನ್ ಹೃದಯದ ಕವಾಟ ಕೆಡಿಸುತ್ತದೆ ಅಂತ 1997ರಲ್ಲಿ ವಾಪಸಾಯಿತು. ಸಿಬುಟ್ರಮಿನ್ ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಮಾಡುತ್ತದೆ ಅಂತ 2010ರಲ್ಲಿ ಹೋಯಿತು. ಲೋರ್ಕಸೆರಿನ್ ಕ್ಯಾನ್ಸರ್ ಅನುಮಾನದ ಮೇಲೆ 2020ರಲ್ಲಿ. ತಮಾಷೆ ಏನೆಂದರೆ, 'ಪೂರ್ತಿ ನೈಸರ್ಗಿಕ, ಯಾವ ಔಷಧವೂ ಇಲ್ಲ' ಅಂತ ಮಾರುವ ತೂಕ ಇಳಿಸುವ ಪುಡಿ, ಕ್ಯಾಪ್ಸೂಲ್‌ಗಳಲ್ಲಿ ಅಮೆರಿಕದ ಔಷಧ ಇಲಾಖೆಗೆ ಮತ್ತೆ ಮತ್ತೆ ಸಿಕ್ಕಿದ್ದು ಇದೇ ನಿಷೇಧಿತ ಸಿಬುಟ್ರಮಿನ್. ಇಂಜೆಕ್ಷನ್ ಅಂದರೆ ಹೆದರಿ ಪುಡಿ ನುಂಗುವವರು ಏನು ನುಂಗುತ್ತಿದ್ದಾರೆ ಅಂತ ಅವರಿಗೇ ಗೊತ್ತಿಲ್ಲ.

ನಕಲಿ ಪೆನ್ ಕಥೆ ಇನ್ನೊಂದು. ಬ್ರೆಜಿಲ್, ಬ್ರಿಟನ್, ಅಮೆರಿಕದಲ್ಲಿ ನಕಲಿ ಸೆಮಾಗ್ಲುಟೈಡ್ ಸಿಕ್ಕ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಜಗತ್ತಿಗೇ ಎಚ್ಚರಿಕೆ ಕೊಟ್ಟಿತ್ತು. ಚೀಟಿ ಇಲ್ಲದೆ, ಮೆಸೇಜ್ ಮಾಡಿದರೆ ಮನೆಗೆ ಬರುವ ಪೆನ್ ಅಸಲಿಯೇ ಆಗಿದ್ದರೂ ದಾರಿಯಲ್ಲಿ ಎಷ್ಟು ಬಿಸಿಲು ಕಂಡಿದೆ ಅಂತ ಯಾರಿಗೆ ಗೊತ್ತು? ತೆರೆಯದ ಪೆನ್ನನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಮತ್ತೆ ಪೆನ್ ಹಂಚಿಕೊಳ್ಳುವವರು! ನನ್ನ ಪರಿಚಯದ ಅಕ್ಕ ತಂಗಿ ಇಬ್ಬರು ಒಂದೇ ಪೆನ್‌ನಲ್ಲಿ ಸೂಜಿ ಬದಲಾಯಿಸಿಕೊಂಡು ಚುಚ್ಚಿಕೊಳ್ಳುತ್ತಿದ್ದರು. ಸೂಜಿ ಬದಲಾಯಿಸಿದರೂ ರಕ್ತ ಪೆನ್ನಿನೊಳಗೆ ಹಿಂದಕ್ಕೆ ಹೋಗಬಹುದು, ಒಬ್ಬರ ಸೋಂಕು ಇನ್ನೊಬ್ಬರಿಗೆ ಹತ್ತಬಹುದು. ಸೀರೆ ಹಂಚಿಕೊಂಡ ಹಾಗಲ್ಲ ಇದು ಅಂದೆ. ಇಬ್ಬರೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ಇರಲಿ.

ಸಂಪಾದಕರೇ, ನಿಮ್ಮಲ್ಲಿ ಎರಡು ಕೋರಿಕೆ. ಇನ್ನು ಮುಂದೆ ಈ ಔಷಧದ ಬಗ್ಗೆ ಏನೇ ಪ್ರಕಟಿಸಿದರೂ ಎಷ್ಟು ಕೆಜಿ ಇಳಿಯಿತು ಅನ್ನುವುದರ ಪಕ್ಕದಲ್ಲೇ ಯಾರು ನೋಡಿಕೊಂಡರು, ಯಾವ ಪರೀಕ್ಷೆ ಮಾಡಿದರು, ಬೇರೆ ಮಾತ್ರೆಗಳನ್ನು ಏನು ಮಾಡಿದರು ಅಂತಲೂ ಕೇಳಿ ಬರೆಯಿರಿ. ನಿಮ್ಮ ಲೇಖನದಲ್ಲಿ ಮೂರು ಜನರ ಅನುಭವ ಇತ್ತು, ಮೂವರಲ್ಲಿ ಒಬ್ಬರಿಗೂ ಈ ಪ್ರಶ್ನೆ ಕೇಳಿರಲಿಲ್ಲ.

ಎರಡನೆಯದು ಲೇಖನದ ಜೊತೆ ಹಾಕಿದ ಚಿತ್ರದ ಬಗ್ಗೆ. ಸೊಂಟಕ್ಕೆ ಟೇಪ್ ಸುತ್ತಿದ ಹೆಂಗಸು, ಚಿತ್ರ ಕುತ್ತಿಗೆಗೇ ಮುಗಿದಿದೆ, ತಲೆಯೇ ಇಲ್ಲ. ದಪ್ಪ ಇರುವವರ ಬಗ್ಗೆ ಯಾವ ಪತ್ರಿಕೆ ಬರೆದರೂ ಇದೇ ಚಿತ್ರ, ಯಾಕೆಂದು ಅರ್ಥವಾಗುವುದಿಲ್ಲ. ಈ ಔಷಧ ಅರ್ಧ ಕೆಲಸ ಮಾಡುವುದೇ ತಲೆಯಲ್ಲಿ. ಮುಂದಿನ ಸಲ ದಯವಿಟ್ಟು ತಲೆ ಸಮೇತ ಹಾಕಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು